ಗುರುತು ಹಾಕದ ಸ್ಕ್ರೂ

ಅತ್ತೆಯ ಬಾಯಿಗೆ ಹೆದರದವರು ಆ ಬೀದಿಯಲ್ಲೇ ಇರಲಿಲ್ಲ. ಅಳತೆ ಕೊಡಲು ಬಂದ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡರೂ ಬೈಗುಳ ತಪ್ಪುತ್ತಿರಲಿಲ್ಲ. ಇನ್ನು ಹೊಲಿಗೆ ಕಲಿಯಲು ಬಂದವಳು ಸೀಮೆಸುಣ್ಣದಲ್ಲಿ ಗುರುತು ಹಾಕದೆ ಹೊಲಿಗೆ ಬಿಚ್ಚಿದಳೋ, ಅವಳನ್ನು ದೇವರೇ ಕಾಪಾಡಬೇಕು. ಅಂಥ ಬಾಯಿಯ ಗಂಟಲಲ್ಲೇ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು.

ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಸೊಸೆ ಅಳುತ್ತ ಕೂರುವ ಪೈಕಿಯಲ್ಲ. ಮನೆಯ ಹಳೇ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಮುಂದೆ ಬೇಕಾಗುವ ಮಾತನ್ನೆಲ್ಲ ಈಗಲೇ ಹೇಳಿಬಿಡಿ, ಆಮೇಲೆ ಕೀಲಿ ಒತ್ತಿದರೆ ನಿಮ್ಮ ದನಿಯೇ ಮಾತಾಡುತ್ತದೆ ಎಂದಳು. ಅತ್ತೆ 'ನೀರು ಕೊಡು', 'ಬಾಗಿಲು ಹಾಕು' ಎಂದು ಶುರು ಮಾಡಿದರು. ಕೀಲಿಗಳ ಪರಿಚಯ ಆದದ್ದೇ ತಡ, ಮಗನನ್ನೂ ಸೊಸೆಯನ್ನೂ ಹೊರಗೆ ಕಳಿಸಿ, ಉಳಿದದ್ದನ್ನು ಬಾಗಿಲು ಹಾಕಿಕೊಂಡು ತಾವೇ ರೆಕಾರ್ಡ್ ಮಾಡಿದರು. ಹಾರ್ಡ್ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಎಲ್ಲವೂ ಫ್ಲಾಪಿಗಳಿಗೆ ಹೋಯಿತು.

ಅತ್ತೆ ಆಸ್ಪತ್ರೆಯಲ್ಲಿದ್ದಾಗ ಸೊಸೆ ಇನ್ನೊಂದು ಪ್ರತಿ ಮಾಡಿಡೋಣವೆಂದು ಫ್ಲಾಪಿಗಳನ್ನು ತನ್ನ ರಿಪೇರಿ ಅಂಗಡಿಗೆ ಒಯ್ದಳು. ಅಲ್ಲಿಯ ಯಾವ ಯಂತ್ರವೂ ಓದಲಿಲ್ಲ. ಹಾಗಾದರೆ ಮನೆಯ ಕಂಪ್ಯೂಟರಿನ ಫ್ಲಾಪಿ ಡ್ರೈವೇ ಸೊಟ್ಟಗಾಗಿದೆ ಎಂದುಕೊಂಡಳು. ಫ್ಲಾಪಿ ಓದುವ ಹೆಡ್ಡನ್ನು ಹಿಂದೆ ಮುಂದೆ ಸರಿಸಲು ಒಂದು ಪುಟ್ಟ ಮೋಟರಿರುತ್ತದೆ. ಅದು ಕೂದಲೆಳೆಯಷ್ಟು ತಿರುಗಿದರೂ ಹೆಡ್ಡು ದಾರಿ ತಪ್ಪುತ್ತದೆ. ಮನೆಗೆ ಬಂದವಳೇ ಸ್ಕ್ರೂ ಸಡಿಲಿಸಿ, ಅಂಗಡಿಯ ಒಳ್ಳೆಯ ಫ್ಲಾಪಿಯೊಂದನ್ನು ಹಾಕಿ ನೋಡುತ್ತ, ಮೋಟರನ್ನು ಸರಿಯಾದ ಜಾಗಕ್ಕೆ ತಂದು ಬಿಗಿದಳು. ಅತ್ತೆ ಬರುವುದರೊಳಗೆ ಎಲ್ಲ ಸರಿಮಾಡಿಟ್ಟೆ ಎಂದು ಬೀಗಿದಳು ಕೂಡ.

ಅತ್ತೆ ಬಂದರು. ಕತ್ತಿಗೆ ಬಟ್ಟೆ ಸುತ್ತಿಕೊಂಡೇ ಕಂಪ್ಯೂಟರಿನ ಮುಂದೆ ಕೂತು, ಕತ್ತರಿಯ ಹಿಡಿಯಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಬಡಿದರು. ಹಾಕು ಎಂದರ್ಥ. ಸೊಸೆ ಫ್ಲಾಪಿ ಹಾಕಿದಳು. ಡ್ರೈವು ಕರಕರ ಹಲ್ಲು ಕಡಿದು, ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ತೋರಿಸಿತು. ಎರಡನೆಯದೂ ಹಾಗೇ. ಎಲ್ಲವೂ ಹಾಗೇ.

ಸೊಸೆ ಮತ್ತೆ ಡ್ರೈವು ಬಿಚ್ಚಿದಳು. ಹತ್ತಿಗೆ ಸ್ಪಿರಿಟ್ ಹಾಕಿ ಹೆಡ್ಡು ಒರೆಸಿದಳು, ಕೇಬಲ್ ಬದಲಿಸಿದಳು. ಊಹೂಂ. ಹೊಸ ಫ್ಲಾಪಿಗೆ ಏನೋ ಬರೆದು ಓದಿಸಿದರೆ ಮಾತ್ರ ಡ್ರೈವು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಗಡಗಡ ಓದಿತು. ಆಗ ಅರ್ಥವಾಯಿತು. ಸೊಟ್ಟ ಡ್ರೈವು ಬರೆದದ್ದೆಲ್ಲ ಸೊಟ್ಟ ಗೆರೆಯಲ್ಲೇ ಕೂತಿದೆ; ಅದನ್ನು ಓದಲು ಅದೇ ಸೊಟ್ಟ ಬೇಕು. ಪ್ರತಿ ಮಾಡಿಕೊಳ್ಳುವ ಮೊದಲೇ ತಾನು ಅದನ್ನು ಕೈಯಾರೆ ನೆಟ್ಟಗೆ ಮಾಡಿದ್ದಾಳೆ. ಮೋಟರು ಮೊದಲು ಎಲ್ಲಿತ್ತೆಂದು ಒಂದು ಗುರುತಾದರೂ ಹಾಕಿದ್ದಳೇ? ಅದೂ ಇಲ್ಲ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಮುಚ್ಚಿಡಲು ಮನಸ್ಸಾಗಲಿಲ್ಲ, ಎಲ್ಲ ಹೇಳಿದಳು. ಅತ್ತೆಯ ತುಟಿಗಳು ಅಲ್ಲಾಡಿದವು, ಅಷ್ಟೇ. ಎದ್ದು ಹೋಗಿ ಹೊಲಿಗೆ ಯಂತ್ರದ ಮುಂದೆ ಬೆನ್ನು ತಿರುಗಿಸಿ ಕೂತು ತುಳಿಯತೊಡಗಿದರು. ಬೈಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಗಂಡನಿಗೆ ಇಂಥ ಹೊತ್ತಲ್ಲೂ ನಾಲಿಗೆ ಸುಮ್ಮನಿರದು.

"ನಾಯಿ ಬಾಲ ನೆಟ್ಟಗೆ ಮಾಡಿದೋರಿಲ್ಲ ಅಂತಾರೆ. ನೀನು ಮಾಡಿ ತೋರಿಸ್ದೆ."

"ನೆಟ್ಟಗೆ ಮಾಡಿದೋಳೇ ಡೊಂಕೂ ಮಾಡ್ತೀನಿ. ನೀವು ಟಾರ್ಚ್ ಹಿಡೀರಿ."

ಈ ಸಲ ಅತ್ತೆಯ ಸೀಮೆಸುಣ್ಣ ತಂದು, ಮೋಟರಿನ ಮೇಲಿಂದ ಚೌಕಟ್ಟಿನವರೆಗೆ ತೆಳ್ಳಗೆ ಗೆರೆ ಎಳೆದಳು. ಮತ್ತೆ ಮತ್ತೆ ಓದಿಸಿದರೆ ಫ್ಲಾಪಿ ಸವೆಯುವ ಭಯ. ಹೋದರೆ 'ನೀರು ಕೊಡು' ಹೋಗಲಿ ಎಂದು ಮೊದಲ ಫ್ಲಾಪಿಯನ್ನೇ ಪರೀಕ್ಷೆಗೆ ಇಟ್ಟುಕೊಂಡಳು. ಮೋಟರನ್ನು ಬಲಕ್ಕೆ ಒಂದಿಷ್ಟೇ ತಿರುಗಿಸಿದಳು. ಕರಕರ. ಇನ್ನೊಂದಿಷ್ಟು. ಕರಕರ. ಬಲಗಡೆ ಪೂರ್ತಿ ಮುಗಿದರೂ ಅದೇ ಪಾಡು. ಸಾಕು ಬಿಡು, ಅಮ್ಮ ಬರೆದು ತೋರಿಸ್ತಾರೆ, ನಾಳೆ ನೋಡೋಣ ಎಂದ ಗಂಡ. ಅವಳು ತಲೆಯೆತ್ತಲಿಲ್ಲ. ಸೀಮೆಸುಣ್ಣದ ಗೆರೆಗೆ ಮೋಟರನ್ನು ವಾಪಸ್ಸು ತಂದು ಎಡಕ್ಕೆ ಹೊರಟಳು. ಬೆವರಿಗೆ ಸ್ಕ್ರೂಡ್ರೈವರ್ ಜಾರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದಳು.

ಎಡಕ್ಕೆ ಉಗುರಂಚಿನಷ್ಟು ಸರಿಯುವಾಗ ಕರಕರ ನಿಂತು ಟಿಕ್ ಟಿಕ್ ಎಂದಿತು. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಇಳಿದವು. ಅವಳು ಕೀಲಿ ಒತ್ತಿದಳು.

"ನೀರು ಕೊಡು."

ಅತ್ತೆಯದೇ ದನಿ, ಅದೇ ಗದರಿಕೆ. ಗಂಡ ಟಾರ್ಚ್ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿ ಲೋಟದಲ್ಲಿ ನೀರು ತಂದ. ತಂದ ಮೇಲೆ ಲೋಟ ನೋಡಿಕೊಂಡು ಗಳಗಳನೆ ಅತ್ತ. ಹೊಲಿಗೆ ಯಂತ್ರ ನಿಂತಿತ್ತು.

ಸೊಸೆಗೂ ಅಳು ಬಂತು. ಆದರೆ ಅವಳಿಗೆ ಪುರಸೊತ್ತಿರಲಿಲ್ಲ. ಆ ಜಾಗಕ್ಕೆ ಹೊಸ ಗುರುತು ಹಾಕಿ ಸ್ಕ್ರೂ ಬಿಗಿದಳು. ಅಂಗಡಿಯಿಂದ ಇನ್ನೊಂದು ಹಾರ್ಡ್ ಡಿಸ್ಕ್ ತಂದು ಜೋಡಿಸಿ, ಯಾವುದನ್ನೂ ಹಾಕಿ ಕೇಳದೆ, ಮೊದಲು ಎಲ್ಲ ಫ್ಲಾಪಿಗಳನ್ನೂ ಅದಕ್ಕೆ ಇಳಿಸಿದಳು. ಆಮೇಲೆಯೇ ಕುರ್ಚಿ ಬಿಟ್ಟೆದ್ದು ಅತ್ತೆಗೆ ಜಾಗ ಕೊಟ್ಟಳು.

ಅತ್ತೆ ಕನ್ನಡಕ ಏರಿಸಿಕೊಂಡು ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ತಮಗೆ ಬೇಕಾದದ್ದು ಸಿಕ್ಕಿತು. ಸೊಸೆಯ ಮುಖವನ್ನೊಮ್ಮೆ ದುರುಗುಟ್ಟಿ ನೋಡಿ ಕೀಲಿ ಒತ್ತಿದರು.

"ಗುರುತು ಹಾಕದೆ ಬಿಚ್ಚಬೇಡ ಅಂತ ನಿಂಗೆ ಎಷ್ಟು ಸಲ ಹೇಳ್ಲಿ?"

ಹೊಲಿಗೆಯ ಹುಡುಗಿಯರಿಗೆಂದು ರೆಕಾರ್ಡ್ ಮಾಡಿಟ್ಟ ಬೈಗುಳ. ತಡೆದಿಟ್ಟಿದ್ದ ಅಳುವೆಲ್ಲ ಸೊಸೆಗೆ ಆಗ ಬಂತು, ಜೊತೆಗೆ ನಗುವೂ ಬಂತು. ಮೂಗು ಒರೆಸಿಕೊಂಡು ಅತ್ತೆಯ ಕಾಲ ಬಳಿ ನೆಲದ ಮೇಲೇ ಕೂತಳು.

"ಇನ್ನೊಂದ್ ಸಲ ಬೈರಿ, ಅತ್ತೆ."

ಅತ್ತೆ ಕೀಲಿ ಒತ್ತಿದರು.