ಎಲ್ಲಿಂದ ಬಿತ್ತು?

ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ನಾನು ಗುಬ್ಬಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಅಂದು ತಪ್ಪು ಮಾಡಿದವರು ಈಗ ದೊಡ್ಡ ಡಾಕ್ಟರಾಗಿದ್ದಾರೆ, ಒಳ್ಳೆಯ ಡಾಕ್ಟರೂ ಹೌದು.

ಆಗ ಅವರು ಬೆಂಗಳೂರಿನಿಂದ ಹೊಸದಾಗಿ ಬಂದಿದ್ದರು. ಹುಟ್ಟಿದ್ದು, ಬೆಳೆದಿದ್ದು ಎಲ್ಲ ಬಸವನಗುಡಿಯಲ್ಲೇ. ಒಂದು ಬೆಳಿಗ್ಗೆ ಪುಟ್ಟತಾಯಮ್ಮ ಎಂಬ ಮುದುಕಿ ಎಂಟು ತಿಂಗಳ ಮೊಮ್ಮಗನನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದು ಅವರ ಮೇಜಿನ ಮುಂದೆ ನಿಂತಳು. ಮಗು ಅಳುತ್ತಲೂ ಇರಲಿಲ್ಲ.

"ಏನಾಗಿದೆ ಅಜ್ಜಿ?"

"ನೆತ್ತಿ ಬಿದ್ದದೆ ಸ್ವಾಮಿ."

"ಬಿತ್ತಾ? ಎಲ್ಲಿಂದ ಬಿತ್ತು?"

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲಿಂದ ಬೀಳ್ತದೆ? ಇದ್ದ ಜಾಗ್ದಾಗೇ ಬಿದ್ದದೆ."

"ಅಲ್ಲಾ ಅಜ್ಜಿ, ಎಷ್ಟು ಎತ್ತರ ಇತ್ತು?"

"ನೆತ್ತಿ ಇರಾದೇ ಎತ್ತರದಾಗಲ್ವಾ ಸ್ವಾಮಿ! ಕಾಲ್ತಾವ ಇರ್ತದಾ?"

ಸಾಲಿನಲ್ಲಿದ್ದವರು ನಕ್ಕರು. ಡಾಕ್ಟರು ನಗಲಿಲ್ಲ. "ಬಿದ್ದ ಮೇಲೆ ವಾಂತಿ ಆಯ್ತಾ?" ಎಂದು ಕೇಳಿದರು. ಎರಡು ಸಲ ಆಯಿತು ಎಂದಳು ಅಜ್ಜಿ. ಅಷ್ಟು ಸಾಕಾಯಿತು. ತಲೆಗೆ ಪೆಟ್ಟು, ಎಕ್ಸರೇ ಆಗಬೇಕು, ಕೂಡಲೇ ತುಮಕೂರಿಗೆ ಹೋಗುವುದು ಎಂದು ಚೀಟಿ ಬರೆದುಕೊಟ್ಟರು.

ಮಗುವಿಗೆ ಮೂರು ದಿನದಿಂದ ಭೇದಿಯಾಗುತ್ತಿತ್ತು. ಅದನ್ನು ಅಜ್ಜಿ ಹೇಳಲೇ ಇಲ್ಲ. ಹಲ್ಲು ಬರುವ ಕಾಲಕ್ಕೆ ಮಗುವಿಗೆ ಭೇದಿಯಾಗುವುದು ಹಳ್ಳಿಯವರಿಗೆ ಕಾಯಿಲೆಯಲ್ಲ. ಮೈಯಲ್ಲಿ ನೀರು ಇಂಗಿ, ತಲೆಯ ಮೇಲಿನ ಮೆತ್ತನೆಯ ಜಾಗ ಒಳಕ್ಕೆ ಕುಸಿದಾಗಲೇ ಅವರಿಗೆ ಗಾಬರಿ. ಅದಕ್ಕೇ 'ನೆತ್ತಿ ಬಿತ್ತು' ಅನ್ನುವುದು. ನಮ್ಮವ್ವ ಈ ಮಾತನ್ನು ಆಡಿದ್ದನ್ನು ನಾನು ಎಷ್ಟು ಸಲ ಕೇಳಿದ್ದೆನೋ.

ಆದರೆ ಕಾಂಪೌಂಡರು ಎಲ್ಲರ ಮುಂದೆ ಡಾಕ್ಟರನ್ನು ತಿದ್ದಿದರೆ ಇಬ್ಬರಿಗೂ ಒಳ್ಳೆಯದಾಗುವುದಿಲ್ಲ. ಔಷಧಿ ಬಾಟಲಿ ಕೆಳಗಿಟ್ಟು ಪಕ್ಕದ ಕೋಣೆಗೆ ಹೋಗಿ, "ಮೇಡಂ, ಒಂದ್ ಮಗು ತುಮಕೂರು ಬಸ್ಸು ಹತ್ತಕ್ಕೆ ಹೊರಟದೆ. ಹತ್ತೋಕ್ಮುಂಚೆ ಒಂದ್ಸಲ ನೋಡ್ಬುಡಿ" ಅಂದೆ.

ಆಸ್ಪತ್ರೆಯ ಹಿರಿಯ ಡಾಕ್ಟರು ವನಜಮ್ಮನವರು ಎದ್ದು ಬಂದರು. ಮಗುವಿನ ನೆತ್ತಿಯ ಮೇಲೆ ಬೆರಳಿಟ್ಟರು, ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರು. ಚರ್ಮ ಕೆಳಗಿಳಿಯದೆ ಹಾಗೇ ನಿಂತಿತು, ಮೈಯಲ್ಲಿ ನೀರಿಲ್ಲದ ಗುರುತು. ಬೆಂಚಿನ ಮೇಲೆ ಅಜ್ಜಿಯನ್ನು ಕೂರಿಸಿ, ನನ್ನ ಕೈಯಲ್ಲಿ ಸಕ್ಕರೆ ಉಪ್ಪಿನ ನೀರು ಕಲಸಿಸಿ, ಚಮಚದಲ್ಲಿ ಕುಡಿಸಲು ಹೇಳಿದರು. ಕುಡಿಸಿದ್ದೇ ಕುಡಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಮಡಿಲು ಒದ್ದೆಯಾಯಿತು.

"ಉಚ್ಚೆ ಹುಯ್ದ ಕಣವ್ವಾ! ನನ್ನಪ್ಪಾ, ಹುಯ್ಯೋ, ಇನ್ನೊಂದ್ಸಲ ಹುಯ್ಯೋ!" ಎಂದು ಅವಳು ಕೂಗಿದ್ದು ಹೊರಗಿನ ಹುಣಸೆಮರದವರೆಗೂ ಕೇಳಿಸಿತು.

ಆಮೇಲೆ ಮೇಡಂ ಹೊಸ ಡಾಕ್ಟರನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆಳೆದು, ಅವರ ಬೆರಳನ್ನು ಹಿಡಿದು ಮಗುವಿನ ನೆತ್ತಿಯ ಮೇಲಿಟ್ಟರು. "ಬಿದ್ದಿರುವುದು ಇದು" ಅಂದರು, ಅಷ್ಟೇ. ಹೊಸ ಡಾಕ್ಟರ ಮುಖ ಕೆಂಪಾಯಿತು. "ಇದನ್ನ ಓದಿದ್ದೆ ಮೇಡಂ. ಇಂಗ್ಲಿಷ್ ಹೆಸರು ಬಾಯಿಪಾಠ ಬರುತ್ತೆ" ಅಂದರು.

ವನಜಮ್ಮನವರು ಕುಣಿಗಲ್ ತಾಲ್ಲೂಕಿನವರು, ಯಡಿಯೂರಿನ ಹತ್ತಿರದ ಹಳ್ಳಿ. ತಂದೆ ಚಿಕ್ಕಬೋರಯ್ಯನವರಿಗೆ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಆ ಊರಿನಿಂದ ಮೈಸೂರಿಗೆ ಹೋಗಿ ಎಂ.ಬಿ.ಬಿ.ಎಸ್. ಮಾಡಿದ ಮೊದಲ ಹೆಣ್ಣುಮಗಳು. ಮಾತು ಮಾತ್ರ ಇಸ್ತ್ರಿ ಮಾಡಿದ ಹಾಗೆ ಇರುತ್ತಿತ್ತು. 'ಬುಡು', 'ಅದೆ' ಎಂಬ ಮಾತು ಆಸ್ಪತ್ರೆಯಲ್ಲಿ ಯಾರೂ ಅವರ ಬಾಯಿಂದ ಕೇಳಿದ್ದಿಲ್ಲ. ಎಂ.ಡಿ. ಮಾಡಬೇಕೆಂದು ಎರಡು ಸಲ ಪ್ರಯತ್ನಪಟ್ಟರು. ಒಂದು ಸಲ ಸೀಟು ಸಿಗಲಿಲ್ಲ, ಇನ್ನೊಂದು ಸಲ ಸೀಟು ಸಿಕ್ಕಿ ರಜೆ ಸಿಗಲಿಲ್ಲ. ತುಮಕೂರಿನ ಮೀಟಿಂಗುಗಳಲ್ಲಿ ಎಂ.ಡಿ.ಗಳು ಮುಂದಿನ ಸಾಲು, ಇವರು ಗೋಡೆ ಪಕ್ಕ.

ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳ ಭೇದಿಯ ಚಿಕಿತ್ಸೆಯನ್ನು ಡಾಕ್ಟರುಗಳಿಗೆ ಕಲಿಸಲು ಜಿಲ್ಲೆಗೊಬ್ಬ ತರಬೇತುದಾರರು ಬೇಕು. ಆರಿಸಿದವರಿಗೆ ದೆಹಲಿಯಲ್ಲಿ ಆರು ವಾರ ತರಬೇತಿ. ತಿರುಗಿ ಬಂದ ಮೇಲೆ ಜಿಲ್ಲೆಯ ಡಾಕ್ಟರುಗಳಿಗೆಲ್ಲ ಅವರೇ ಮೇಷ್ಟರು; ಮೆಡಿಕಲ್ ಕಾಲೇಜಿನ ಬೋಧಕರ ಪಟ್ಟಿಯಲ್ಲೂ ಹೆಸರು. ಕೊನೆಯಲ್ಲಿ ಒಂದು ಸಾಲು: ನಲವತ್ತು ತುಂಬಿದವರು ಅರ್ಜಿ ಹಾಕತಕ್ಕದ್ದಲ್ಲ.

ಮೇಡಂಗೆ ಬರುವ ಮಾಘಕ್ಕೆ ನಲವತ್ತು.

ಅರ್ಜಿ ಹಾಕಿದರು. ಜಿಲ್ಲಾ ಆರೋಗ್ಯಾಧಿಕಾರಿ ಲಕ್ಷ್ಮೀನರಸಿಂಹಯ್ಯನವರು ಆಸ್ಪತ್ರೆ ತಪಾಸಣೆಗೆ ಬಂದಾಗ ಕಾಫಿ ಕುಡಿಯುತ್ತಾ ಹೇಳಿದರು: "ವನಜಮ್ಮ, ನಿಮ್ಮ ಜೊತೆ ಇನ್ನೂ ಮೂರು ಜನ ಹಾಕಿದ್ದಾರೆ. ಮೂವರೂ ಎಂ.ಡಿ. ಮೆಡಿಕಲ್ ಕಾಲೇಜಿನ ಪ್ರೊಫೆಸರು ಬಂದು ಒಬ್ಬೊಬ್ಬರ ಪಾಠ ನೋಡ್ತಾರೆ, ಅರ್ಧ ಗಂಟೆ. ಬೇಜಾರು ಮಾಡ್ಕೋಬೇಡಿ, ಅನುಭವ ಅಂತ ಬನ್ನಿ."

ಅನುಭವ ಅಂತ ಬನ್ನಿ ಎಂದರೆ ಏನರ್ಥ ಎಂದು ನನಗೂ ಗೊತ್ತು, ಮೇಡಂಗೂ ಗೊತ್ತು.

ಹದಿನೈದು ದಿನ ಕೆಲಸ ಮುಗಿದ ಮೇಲೆ ಮೇಡಂ ಖಾಲಿ ಬೆಂಚುಗಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರಿಂದ ಮೂರು ಚಾರ್ಟು ಬರೆಸಿದ್ದರು. ಕೇಳುವವನು ನಾನೊಬ್ಬನೇ.

"ಹೇಗಿತ್ತು ಅಂಜಿನಪ್ಪ?"

"ಬಲು ಚೆನ್ನಾಗಿತ್ತು ಮೇಡಂ. ಏನೂ ತಿಳೀಲಿಲ್ಲ."

"ನಿಮಗೆ ತಿಳಿಯಬೇಕಾಗಿಲ್ಲ, ಪ್ರೊಫೆಸರಿಗೆ ತಿಳಿದರೆ ಸಾಕು."

"ಆವಪ್ಪಂಗೆ ಮೊದ್ಲೇ ತಿಳಿದದಲ್ಲಾ? ಮೇಡಂ, ಆ ನೆತ್ತಿ ವಿಷ್ಯ ಹೇಳಿ. ಅಲ್ಲಿ ಕೂತಿರೋರೆಲ್ಲಾ ಎಚ್ಚರ ಆಗ್ತಾರೆ."

ಅವರು ಚಾರ್ಟು ಸುತ್ತುವುದನ್ನು ನಿಲ್ಲಿಸಿದರು. "ನಮ್ಮ ಹೊಸ ಡಾಕ್ಟರ್ ಹುಡುಗನೂ ಪಾಠ ಕೇಳಲು ಅಲ್ಲೇ ಕೂತಿರುತ್ತಾನೆ. ಅವನ ಮಾನ ತೆಗೆದು ನಾನು ದೆಹಲಿಗೆ ಹೋಗುವುದಾ?" ಚಾರ್ಟನ್ನು ಮತ್ತೆ ಸುತ್ತುತ್ತಾ, "ಅಲ್ಲದೆ ಎಂ.ಡಿ. ಇಲ್ಲದವಳು ಹಳ್ಳಿ ಮಾತು ಬೇರೆ ಆಡಿದರೆ, ಇವಳು ಇಷ್ಟೇ ಎನ್ನುತ್ತಾರೆ" ಅಂದರು.

ತುಮಕೂರಿನಲ್ಲಿ ಒಂದು ಉದ್ದನೆಯ ಹಾಲ್. ಹೊಸದಾಗಿ ಕೆಲಸಕ್ಕೆ ಸೇರಿದ ಹದಿನಾಲ್ಕು ಡಾಕ್ಟರುಗಳು ವಿದ್ಯಾರ್ಥಿಗಳ ಹಾಗೆ ಕುಳಿತಿದ್ದರು. ನಮ್ಮ ಹೊಸ ಡಾಕ್ಟರೂ ಎರಡನೇ ಸಾಲಿನಲ್ಲಿದ್ದರು. ಪಕ್ಕದಲ್ಲಿ ಪ್ರೊಫೆಸರು, ನರೆತ ಹುಬ್ಬು, ದಪ್ಪ ಕನ್ನಡಕ. ಚಾರ್ಟು ನೇತು ಹಾಕಲು, ನೀರು ಕಲಸಿ ತೋರಿಸಲು ಮೇಡಂ ಜೊತೆ ನಾನೂ ಹೋಗಿದ್ದೆ.

ಮೂವರು ಎಂ.ಡಿ.ಗಳ ಪಾಠ ಮೊದಲು ಆಯಿತು. ಚೆನ್ನಾಗಿಯೇ ಮಾಡಿದರು, ಸುಳ್ಳು ಹೇಳಬಾರದು. ಕೊನೆಗೆ ಮೇಡಂ ಇಂಗ್ಲಿಷಿನಲ್ಲಿ ಶುರುಮಾಡಿದರು. ಒಂದನೇ ಚಾರ್ಟು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲೊಬ್ಬರು ಆಕಳಿಸಿದರು. ಎರಡನೇ ಚಾರ್ಟಿನಲ್ಲಿ ಬರೀ ಅಂಕಿಗಳು. ಮೇಡಂ ದನಿ ಕೆಳಗಿಳಿಯುತ್ತಾ ಹೋಯಿತು. ಪ್ರೊಫೆಸರು ಗಡಿಯಾರ ನೋಡಿಕೊಂಡು ಕೈ ಎತ್ತಿದರು.

"ಡಾಕ್ಟರ್, ಇದೆಲ್ಲ ಪುಸ್ತಕದಲ್ಲೇ ಇದೆ. ಇವರೆಲ್ಲ ಓದಿ ಪಾಸಾಗಿಯೇ ಬಂದಿದ್ದಾರೆ. ಇದನ್ನ ಹೇಳೋಕೆ ನೀವು ಯಾಕೆ ಬೇಕು?"

ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಅದಕ್ಕೇ ಹೆಚ್ಚು ತಾಗಿತು. ಮೇಡಂ ಚಾರ್ಟಿನ ಕಡೆ ತಿರುಗಿ ನಿಂತಿದ್ದರು, ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಮುಗಿಯಿತು, ಸಾಮಾನು ಕಟ್ಟೋಣ ಅಂದುಕೊಂಡೆ.

ಮೇಡಂ ಎರಡನೇ ಚಾರ್ಟನ್ನು ಮೊಳೆಯಿಂದ ತೆಗೆದರು. ಸುರುಳಿ ಸುತ್ತಿದರು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಆ ಸುರುಳಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಸೊಂಟ ಬಗ್ಗಿಸಿ ಮುಂದಿನ ಸಾಲಿನ ಒಬ್ಬ ಡಾಕ್ಟರ ಎದುರಿಗೆ ಹೋಗಿ ನಿಂತರು.

"ಸ್ವಾಮ್ಯೋರೇ, ಬೆಳಗಾಗೆದ್ದು ನಡ್ಕೊಂಡು ಬಂದಿವ್ನಿ. ನನ್ ಮೊಮ್ಮಗೀಗೆ ನೆತ್ತಿ ಬಿದ್ದದೆ. ಒಸಿ ನೋಡ್ರಪ್ಪಾ."

ಅದು ಮೇಡಂ ದನಿಯೇ ಅಲ್ಲ, ಯಡಿಯೂರು ಸಂತೆಯ ದನಿ.

ಆ ಡಾಕ್ಟರು ಅತ್ತಿತ್ತ ನೋಡಿದರು. "ಎಲ್ಲಿಂದ ಬಿತ್ತಮ್ಮಾ?"

"ಅಟ್ಟದ್ ಮೇಲಿಂದ ಬೀಳಾಕೆ ಅದೇನು ತೆಂಗಿನ್ಕಾಯಾ? ನೆತ್ತಿ ಬಿದ್ದದೆ ಕಣಪ್ಪಾ!"

ನಗು ಎದ್ದಿತು. ಪಕ್ಕದವರು ಬಿಗುಮಾನದಿಂದ, "ಪ್ರಜ್ಞೆ ತಪ್ಪಿತ್ತಾ?" ಎಂದು ಕೇಳಿದರು.

"ತಪ್ಪಿರೋದು ನಿಮ್ದು ಸ್ವಾಮಿ. ಮಗಾ ಕಣ್ ಬುಟ್ಕೊಂಡೇ ಅದೆ."

ಮೂರನೆಯವರು ಎಕ್ಸರೇ ಬರೆಯುತ್ತೇನೆ ಎಂದರು. ನಾಲ್ಕನೆಯವರು ಹೊಲಿಗೆ ಹಾಕಬೇಕಾ ಎಂದರು. ಅಜ್ಜಿ ಒಬ್ಬೊಬ್ಬರ ಮುಂದೂ ಹಣೆ ಚಚ್ಚಿಕೊಂಡಳು. "ಇಷ್ಟೊಂದ್ ಓದವ್ರೆ, ಒಬ್ರಾದ್ರೂ ಮಗೀನ ತಲೆ ಮುಟ್ಟಿ ನೋಡಿದ್ರೇನ್ರಪ್ಪಾ?"

ಆಗ ನಮ್ಮ ಹೊಸ ಡಾಕ್ಟರು ಎದ್ದು ನಿಂತರು. ನಗುತ್ತಲೇ ಇದ್ದರು, ಆದರೆ ಕಿವಿ ಕೆಂಪಾಗಿತ್ತು.

"ಸರ್, ಈ ಎಲ್ಲಿಂದ ಬಿತ್ತು ಅನ್ನೋದನ್ನ ಮೊದಲು ಕೇಳಿದವನು ನಾನು. ಈ ಬೇಸಿಗೆಯಲ್ಲಿ. ನೀರಿಲ್ಲದೆ ಸೊರಗಿದ್ದ ಮಗೂನ ಎಕ್ಸರೇಗೆ ಕಳಿಸ್ತಿದ್ದೆ. ಮೇಡಂ ತಡೆದರು." ಮುಂದೆ ಬಂದು ಚಾರ್ಟಿನ ಸುರುಳಿಯ ತುದಿಯ ಮೇಲೆ ಬೆರಳಿಟ್ಟು, "ಅಜ್ಜೀ, ಮಗುಗೆ ಭೇದಿ ಎಷ್ಟು ದಿನದಿಂದ?" ಎಂದರು.

"ಈಗ ಕೇಳ್ದೆ ನೋಡು ಮಗಾ! ಮೂರ್ ದಿನ ಆಯ್ತು. ಹಲ್ ಬರೋ ಭೇದಿ ಅಂತ ಸುಮ್ಕಿದ್ದೆ."

ಯಾರೂ ಆಕಳಿಸುತ್ತಿರಲಿಲ್ಲ. ಪ್ರೊಫೆಸರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಡಾಕ್ಟರ್, ಈ ಮಾತು ನಿಮಗೆ ಹೇಗೆ ಗೊತ್ತು? ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ."

ಮೇಡಂ ಸೆರಗು ಕೆಳಗೆ ಬಿಟ್ಟು ನೆಟ್ಟಗೆ ನಿಂತರು. "ಹುಟ್ಟಿದಾಗಿನಿಂದ ಗೊತ್ತು ಸರ್. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೆ. ಮೊದಲ ಪೋಸ್ಟಿಂಗು ಕುಣಿಗಲ್ ಕಡೆ. ಒಬ್ಬಳು ಮುದುಕಿ ಬಂದು ನೆತ್ತಿ ಬಿದ್ದದೆ ಎಂದಳು. ಪಕ್ಕದಲ್ಲಿ ದೊಡ್ಡ ಡಾಕ್ಟರಿದ್ದರು. ನನಗೆ ನಾಚಿಕೆಯಾಯಿತು. ನೆತ್ತಿ ಗಿತ್ತಿ ಎನ್ನಬೇಡ, ಕಾಯಿಲೆ ಏನು ಸರಿಯಾಗಿ ಹೇಳು ಎಂದು ಗದರಿಸಿದೆ. ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಟುಹೋದಳು. ಆ ಮಗು ಉಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇವರದು ತಿಳಿಯದೆ ಆದ ತಪ್ಪು ಸರ್. ನನ್ನದು ತಿಳಿದೂ ಮಾಡಿದ್ದು."

ಐದು ವರ್ಷ ಜೊತೆಯಲ್ಲಿ ಕೆಲಸ ಮಾಡಿದ್ದರೂ ಈ ವಿಷಯ ನಾನು ಕೇಳಿರಲಿಲ್ಲ. ಕೆಲಸ ಕೇಳಲು ಬಂದವರು ಇಂಥದ್ದನ್ನು ಹೇಳಿಕೊಳ್ಳುತ್ತಾರೆಯೇ ಅಂದುಕೊಂಡೆ. ಪ್ರೊಫೆಸರು ಕನ್ನಡಕ ಹಾಕಿಕೊಂಡು ಗಡಿಯಾರ ನೋಡಿದರು. "ಇನ್ನೂ ಹತ್ತು ನಿಮಿಷ ಇದೆ" ಎಂದರು.

ಆ ಹತ್ತು ನಿಮಿಷದಲ್ಲಿ ಹದಿನಾಲ್ಕು ಜನರೂ ಎದ್ದು ಬಂದು ನೀರು ಕಲಸಿದರು. ಒಬ್ಬರು ಉಪ್ಪನ್ನು ಸಾರಿಗೆ ಹಾಕುವ ಹಾಗೆ ಹಾಕಿದರು. ಮೇಡಂ ಅವರಿಗೇ ಅದನ್ನು ಕುಡಿಸಿದರು. ಅವರ ಮುಖ ಹಿಂಡಿಕೊಂಡಿದ್ದು ನೋಡಿ ಮಿಕ್ಕವರ ಕೈ ಅಳತೆ ತಪ್ಪಲಿಲ್ಲ.

ಇಪ್ಪತ್ತೆರಡು ದಿನ ಏನೂ ಸುದ್ದಿಯಿಲ್ಲ. ಮೇಡಂ ಒಂದು ಸಲವೂ ಆ ಮಾತೆತ್ತಲಿಲ್ಲ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಮಾತ್ರ ಅವರು ಬರೆಯುವುದನ್ನು ನಿಲ್ಲಿಸುತ್ತಿದ್ದರು.

ಇಪ್ಪತ್ತಮೂರನೇ ದಿನ ಲಕ್ಷ್ಮೀನರಸಿಂಹಯ್ಯನವರೇ ಜೀಪಿನಲ್ಲಿ ಬಂದರು. ಇಳಿಯುವ ಮೊದಲೇ, "ವನಜಮ್ಮಾ, ನೀವೇ ಕಣ್ರೀ! ದೆಹಲಿಗೆ ನೀವೇ!" ಎಂದು ಕೂಗಿದರು. ಆದೇಶವನ್ನು ಎಲ್ಲರ ಮುಂದೆ ಓದಿದರು. ಹೆಸರು, ಹುದ್ದೆ, ಆರು ವಾರ, ಬೋಧಕರ ಪಟ್ಟಿ. ಕೆಳಗೆ ಪ್ರೊಫೆಸರ ಷರಾ: 'ಮರಳಿದ ನಂತರ ಸದರಿ ತರಗತಿಗಳನ್ನು ಡಾ. ವನಜಮ್ಮನವರು ಇಂಗ್ಲಿಷಿನಲ್ಲಿ ನಡೆಸತಕ್ಕದ್ದಲ್ಲ.'

ಮೇಡಂ ಆ ಕಾಗದವನ್ನು ಇಸಿದುಕೊಂಡು ತಾವೇ ಒಂದು ಸಲ ಓದಿದರು, ಮಡಿಸಿದರು, ಮತ್ತೆ ಬಿಚ್ಚಿ ಓದಿದರು. ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡದವನ ಹಾಗೆ ಇದ್ದೆ. ನಮ್ಮ ಹೊಸ ಡಾಕ್ಟರು ಆಸ್ಪತ್ರೆಗೆಲ್ಲ ಮೈಸೂರುಪಾಕು ತರಿಸಿದರು.

ಮೂರು ದಿನ ಬಿಟ್ಟು ಚಿಕ್ಕಬೋರಯ್ಯನವರು ಎಳನೀರಿನ ಚೀಲ ಹೊತ್ತುಕೊಂಡು ಎರಡು ಬಸ್ಸು ಬದಲಾಯಿಸಿ ಬಂದರು. ಹೊರರೋಗಿಗಳ ಸಾಲು ಬಾಗಿಲು ದಾಟಿತ್ತು. ಅವರು ಸಾಲಿನ ಪಕ್ಕದಲ್ಲೇ ನಿಂತು ಒಳಗೆ ಕೇಳುವ ಹಾಗೆ ಕೇಳಿದರು:

"ಏನವ್ವಾ ವನಜಾ, ಡಾಕ್ಟ್ರುಗೋಳ್ಗೇ ಮೇಷ್ಟ್ರಾದೆಯಂತೆ?"

"ಹೂಂ ಕಣಪ್ಪಾ."

"ಏನ್ ಹೇಳ್ಕೊಡ್ತೀಯವ್ವಾ ಅವ್ರಿಗೆ?"

"ಮಗೀಗೆ ನೆತ್ತಿ ಬಿದ್ರೆ ಏನ್ ಮಾಡ್ಬೇಕು ಅಂತ."

ಮುದುಕರು ಚೀಲ ಕೆಳಗಿಟ್ಟು ಯೋಚನೆ ಮಾಡಿದರು. "ಅದ್ಕೆ ಡೆಲ್ಲಿಗ್ಯಾಕೆ ಹೋಗ್ಬೇಕು? ಯಡಿಯೂರಿಗೆ ಬಂದಿದ್ರೆ ಸಾಲ್ದಾ?"

ಸಾಲಿಗೆ ಸಾಲೇ ನಕ್ಕಿತು. ಒಳಗಿನಿಂದ ಮೇಡಂ ನಗುವೂ ಕೇಳಿಸಿತು. ಚಿಕ್ಕಬೋರಯ್ಯನವರು ಹೆಗಲ ಮೇಲಿನ ಟವೆಲ್ ಕೊಡವಿ, ಹತ್ತಿರ ನಿಂತಿದ್ದವರ ಕಡೆ ತಿರುಗಿ, ಒಬ್ಬೊಬ್ಬರಿಗೂ ಹೇಳತೊಡಗಿದರು: "ನನ್ ಮಗ್ಳು. ಡಾಕ್ಟ್ರುಗೋಳ್ಗೇ ಪಾಠ ಹೇಳ್ತಾಳೆ. ಮೆಡಿಕಲ್ ಕಾಲೇಜ್ನಾಗೆ ಹೆಸ್ರು ಬರ್ದವ್ರೆ."

"ಆಗ್ಲಿ ಬುಡಜ್ಜ, ಬಲು ಸಂತೋಷ" ಎಂದಳು ಕೂಸು ಎತ್ತಿಕೊಂಡಿದ್ದ ಒಬ್ಬಳು ಹೆಂಗಸು. "ಈಗ ಒಸಿ ಪಕ್ಕಕ್ ನಿಂತ್ಕೊ. ನಿನ್ ಮಗ್ಳ ತಾವ ನಮ್ ಕೂಸು ತೋರಿಸ್ಬೇಕು."