ಮಗ್ಗದಲ್ಲಿ ಉಳಿದ ಎಳೆಗಳು

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಿಂದ ಓಡಿ ಬಂದ ರಭಸಕ್ಕೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಹೋದರೆ ಹೋಗಲಿ! ಅಂಥ ಪದ ಸಿಕ್ಕಿತ್ತು ನನಗೆ.

ನಾನು ನೇಯುವುದನ್ನು ಬಿಟ್ಟು ನಿಘಂಟಿನ ಕೆಲಸಕ್ಕೆ ಸೇರಿದಂದಿನಿಂದ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಳು. "ಅವಳಿಗೆ ಹೇಳಿ, ಊಟಕ್ಕೆ ಬಾ ಅಂತ" ಎಂದು ಪಕ್ಕದಲ್ಲೇ ಕೂತ ನನಗೆ ಅಪ್ಪನ ಮೂಲಕ ಹೇಳಿಸುವಳು. ನಾನೇನು ಕಡಿಮೆಯೇ? "ಹಸಿವಿಲ್ಲ ಅಂತ ಹೇಳಪ್ಪ" ಎನ್ನುತ್ತಿದ್ದೆ. ನಡುವೆ ಸಿಕ್ಕ ಅಪ್ಪ ಹೈರಾಣಾಗಿದ್ದ. ಇವತ್ತು ಬಟ್ಟೆ ಮುಗಿಸಿ ಮಗ್ಗವನ್ನೇ ಬಿಚ್ಚಿಬಿಡುತ್ತೇನೆ ಎಂದು ಬೆಳಗ್ಗೆ ಅವನಿಗೇ ಹೇಳಿದ್ದಳು, ನನಗೆ ಕೇಳಿಸಲೆಂದು.

ಬಾಗಿಲಲ್ಲಿ ನಿಂತು ನೋಡಿದರೆ ಬಟ್ಟೆ ಕತ್ತರಿಸಿಯಾಗಿತ್ತು. ಮಗ್ಗದಲ್ಲಿ ಗೇಣುದ್ದದ ಎಳೆಗಳಷ್ಟೇ ಉಳಿದಿದ್ದವು. ಅಮ್ಮ ಅವಕ್ಕೂ ಕತ್ತರಿ ಹಿಡಿದಿದ್ದಳು. ಅವು ಇದ್ದರೆ ಹೊಸ ನೂಲನ್ನು ಅವಕ್ಕೇ ಗಂಟು ಹಾಕಿ ಎಳೆದುಕೊಂಡರಾಯಿತು. ಹೋದರೆ ಒಂದೊಂದು ಎಳೆಯನ್ನೂ ಮೊದಲಿನಿಂದ ಪೋಣಿಸಬೇಕು. ಅಷ್ಟು ತಾಳ್ಮೆ ಈಗ ಅವಳಿಗೆಲ್ಲಿ?

"ತಡಿ ಅಮ್ಮಾ! ಅದಕ್ಕೊಂದು ಹೆಸರಿದೆ!" ಎಂದು ಕಿರುಚಿದೆ. "ಇಂಗ್ಲಿಷಲ್ಲಿ ಥ್ರಮ್ ಅಂತಾರೆ. ಬಟ್ಟೆ ಕತ್ತರಿಸಿದ ಮೇಲೆ ಮಗ್ಗದಲ್ಲೇ ಉಳಿಯೋ ನೂಲು! ತುಂಬಾ ಹಳೇ ಪದ ಕಣಮ್ಮಾ. ನಾಲಿಗೆ ಕೆಳಗೆ ಅದನ್ನ ಹಿಡಿದಿಟ್ಟಿರೋ ಎಳೆಯಂಥದ್ದೊಂದು ಇದೆಯಲ್ಲ, ಹಳೇ ಇಂಗ್ಲಿಷಲ್ಲಿ ಅದಕ್ಕೂ ನಾಲಿಗೆಯ ಥ್ರಮ್ ಅಂತಿದ್ರು. ಹಳೇ ಜರ್ಮನ್‌ನಲ್ಲಿ ಇದರ ಒಡಹುಟ್ಟಿದ ಪದ ಒಂದಿದೆ, ಅದಕ್ಕೆ ತುದಿ, ಉಳಿದ ತುಂಡು ಅಂತ ಅರ್ಥ!"

ಕತ್ತರಿ ನಿಂತಿತು. ಅಪ್ಪ ಗೋಡೆಯ ಕನ್ನಡಿಯ ಮುಂದೆ ಬಾಯಿ ತೆರೆದು ನಾಲಿಗೆ ಎತ್ತಿ ಹುಡುಕತೊಡಗಿದ.

"ಹೌದು ಕಣೇ, ಒಂದೆಳೆ ಇದೆ!" ಎಂದು ಹಾಗೇ ತೊದಲಿದ.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಾ, ಇಷ್ಟುದ್ದದ ನೂಲಿಗೂ ಹೆಸರಿಟ್ಟಿದ್ದಾರಾ? ಬರೀ ಹೆಸರೋ, ಇದಕ್ಕೆ ಹೊಸ ನೂಲು ಗಂಟು ಹಾಕ್ತಾರೆ ಅಂತಾನೂ ಬರ್ದಿದಾರೋ?"

"ಹೇಳ್ಲಾ ಅವಳಿಗೆ?" ಎಂದ ಅಪ್ಪ, ಅಭ್ಯಾಸಬಲ.

"ನೀವು ಸುಮ್ನಿರಿ. ನಾನು ಕೇಳಿದ್ದು ಅವಳನ್ನ."

ನನಗೆ ಕುಣಿದುಬಿಡೋಣ ಎನ್ನಿಸಿತು. "ಇನ್ನೂ ಬರ್ದಿಲ್ಲಮ್ಮ. ನಮ್ಮ ನಿಘಂಟಲ್ಲಿ ಆ ಪದಕ್ಕೆ ಅರ್ಥ ಬರೆಯೋಳು ನಾನೇ."

ಅಮ್ಮ ನನ್ನನ್ನು, ನನ್ನ ಕಿತ್ತ ಚಪ್ಪಲಿಯನ್ನು ನೋಡಿದಳು. ಕತ್ತರಿಯನ್ನು ಮೊಳೆಗೆ ತೂಗುಹಾಕಿದಳು.

"ಕೈ ತೊಳ್ಕೊಂಡು ಬಾ. ಹೊಸ ನೂಲು ಅಟ್ಟದ ಮೇಲಿದೆ. ನಾಳೆ ನೀನು ಆಫೀಸಿಗೆ ಹೋಗೋ ಹೊತ್ತಿಗೆ ಅರ್ಧನಾದ್ರೂ ಗಂಟು ಹಾಕಿರಬೇಕು."