ಗದ್ವಾಲದ ಒಂದೇ ಜಾಗ

ಸಂಜೆ ಐದರೊಳಗೆ ನಮ್ಮ ತಂಡದ ಬೀರೇಶ ಗದ್ವಾಲದಲ್ಲಿರಬೇಕು, ಅವನು ಬಾರದಿದ್ದರೆ ಅಲ್ಲಿನ ತಂಡದ ಖಾಲಿ ಜಾಗಕ್ಕೆ ನನ್ನನ್ನು ತೆಗೆದುಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ಈ ಮಾತು ಕೇಳಿದಾಗ ನನಗೆ ಮೊದಲು ಆದದ್ದು ಖುಷಿ. ಅದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಹೇಳಿ ಪ್ರಯೋಜನವಿಲ್ಲ. ಮೂವತ್ನಾಲ್ಕು ವರ್ಷದ, ಎರಡೂ ಮಂಡಿ ಸವೆದ ಬಾಸ್ಕೆಟ್‌ಬಾಲ್ ಆಟಗಾರನನ್ನು ಈ ಲೋಕದಲ್ಲಿ ಯಾರೂ ಕರೆಯುವುದಿಲ್ಲ.

ಕರೆದವನು ಶಿವಕಾಂತ, ಗದ್ವಾಲ ಫೋರ್ಟ್ಸ್ ತಂಡದ ಮ್ಯಾನೇಜರ್. ನಾನು ಭೀಮಶಂಕರ್, ಪೇಟ ವೀವರ್ಸ್ ತಂಡದ ನಾಯಕ. ನಾರಾಯಣಪೇಟವನ್ನು ನಾವೆಲ್ಲ ಪೇಟ ಎಂದೇ ಕರೆಯುವುದು. ಎಂಟು ಊರುಗಳ ಲೀಗು ನಮ್ಮದು, ಆರು ತಿಂಗಳು ಸಂಬಳ ಕೊಟ್ಟು ಆಡಿಸುತ್ತಾರೆ. ಪೇಟದ ಸೀರೆ ಮೇಲೋ ಗದ್ವಾಲದ ಸೀರೆ ಮೇಲೋ ಎಂಬ ಹಳೇ ಜಗಳವನ್ನು ನಾವು ಚೆಂಡು ಹಿಡಿದು ಮುಂದುವರಿಸಿದ್ದೆವು, ಅಷ್ಟೇ.

"ನಮ್ಮಲ್ಲಿ ಒಂದೇ ಜಾಗ ಖಾಲಿ ಐತ್ರಿ ಕ್ಯಾಪ್ಟನ್," ಎಂದ ಶಿವಕಾಂತ. "ನಿಮ್ಮ ಬೀರೇಶನ್ನ ಕರಕೊಂಡು ಬರ್ರಿ. ಅವ ಒಲ್ಲೆ ಅಂದ್ರ ನೀವೇ ಬರ್ರಿ. ಜಾಗ ಖಾಲಿ ಬಿಡಾಕ ಆಗಂಗಿಲ್ಲ. ಐದಕ್ಕ ಲೀಗಿನವರ ನೋಂದಣಿ ಆ್ಯಪ್ ಬಂದ್ ಆಗತೈತಿ. ಆಟಗಾರ ನಮ್ಮ ಆಫೀಸಿನಾಗ ನಿಂತು ಮುಖ ತೋರಿಸಬೇಕು. ತಪ್ಪಿದ್ರ ಈ ವರ್ಷ ಮುಗೀತು."

ನಮ್ಮ ತಂಡ ಮುಳುಗುತ್ತಿರುವುದು ಅವನ ಕಿವಿಗೂ ಬಿದ್ದಿತ್ತು. ನನಗೆ ಗೊತ್ತಾದದ್ದೇ ಶುಕ್ರವಾರ. ತಂಡದ ಮಾಲೀಕ ಜಯಸಿಂಹ ಮನೆಗೆ ಕರೆಸಿ, ಮಂತ್ರಾಲಯದ ಪರಿಮಳ ಪ್ರಸಾದ ಕೈಗಿತ್ತು, ಬಹಳ ಮೆತ್ತಗೆ ಹೇಳಿದರು: ತಂಡ ಮುಚ್ಚುತ್ತೇನೆ, ಆದರೆ ಎಲ್ಲರಿಗೂ ಮಂಗಳವಾರ ತಿಳಿಸುತ್ತೇನೆ, ಅಲ್ಲಿಯತನಕ ಯಾರಿಗೂ ಹೇಳಬೇಡ. ಪಟ್ಟಿಯಲ್ಲಿ ಆಟಗಾರರ ಹೆಸರಿದ್ದರೆ ತಂಡದ ಲೈಸೆನ್ಸನ್ನು ಬೇರೆ ಯಾರಿಗಾದರೂ ಮಾರಬಹುದಂತೆ. ಭಾನುವಾರ ನೋಂದಣಿ ಮುಗಿದ ಮೇಲೆ ಮಂಗಳವಾರ ತಿಳಿದರೆ ಹುಡುಗರು ಎಲ್ಲಿಗೆ ಹೋಗಬೇಕು? ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದೆ, ಮರುದಿನವೇ ಎಲ್ಲರಿಗೂ ಫೋನ್ ಮಾಡಿ ಗುಟ್ಟು ಒಡೆದೆ. ಅವರವರು ಅವರವರ ದಾರಿ ನೋಡಿಕೊಂಡರು. ಬೀರೇಶನೊಬ್ಬ ಅಲುಗಾಡಲಿಲ್ಲ. "ನಾ ಮಾತು ಕೊಟ್ಟೀನಲ್ಲಣ್ಣ," ಎಂದು ಫೋನಿಟ್ಟ.

ಆ ಮಾತು ತೆಗೆದುಕೊಂಡವನು ನಾನೇ. ಹೋದ ವರ್ಷ, ಮಕ್ತಲದ ಹೊರಗಿನ ಬೀರಪ್ಪನ ಗುಡಿಯಲ್ಲಿ. ನಮ್ಮ ಕುರುಬರ ಮನೆಗಳಲ್ಲಿ ಭಂಡಾರ ಹಿಡಿದು ಕೊಟ್ಟ ಮಾತಿಗೆ ಕಾಗದ ಬೇಕಾಗುವುದಿಲ್ಲ. ಮಾತು ಕೇಳುವವನು ಅಂಗೈಯಲ್ಲಿ ದೇವರ ಅರಿಸಿನ ಹಿಡಿಯುತ್ತಾನೆ, ಕೊಡುವವನು ಅದರ ಮೇಲೆ ಕೈಯಿಟ್ಟು ನುಡಿಯುತ್ತಾನೆ. ಪೇಟ ಒಂದು ಸಲ ಕಪ್ ಗೆಲ್ಲುವತನಕ ಬೇರೆ ತಂಡದ ಅಂಗಿ ತೊಡುವುದಿಲ್ಲ ಎಂದು ಬೀರೇಶ ನುಡಿದ. ಮರುವಾರ ಗದ್ವಾಲದವರು ಮೂರು ವರ್ಷದ ಕರಾರು ಹಿಡಿದು ಮನೆ ಬಾಗಿಲಿಗೆ ಬಂದರೆ ಮಜ್ಜಿಗೆ ಕುಡಿಸಿ ವಾಪಸು ಕಳಿಸಿದ. ಈಗ ತಂಡವೇ ಇಲ್ಲವೆಂದಮೇಲೆ ಕಪ್ ಎಲ್ಲಿಂದ ಬರಬೇಕು? ಆಟ ಬಿಟ್ಟು ಸಾಯುವತನಕ ಅವನು ಕಟ್ಟಿಹಾಕಿಸಿಕೊಂಡು ಕೂರುವವನೇ. ಅವನ ಸ್ವಭಾವ ನನಗೆ ಗೊತ್ತಿತ್ತು, ಗೊತ್ತಿದ್ದೇ ಕಟ್ಟಿದ್ದೆ. ಯಾಕೆ ಕಟ್ಟಿದೆ ಎಂಬುದನ್ನು ಮುಂದೆ ಹೇಳುತ್ತೇನೆ, ಅವತ್ತು ಹೇಳಲೇಬೇಕಾಗಿ ಬಂತು.

ಅವನು ಹದಿನಾಲ್ಕು ವರ್ಷದವನಿದ್ದಾಗ ನಾನು ಮೊದಲು ಕಂಡದ್ದು. ಆಡಿಗೆಂದು ಜಾಲಿಮರದ ಟೊಂಗೆಯನ್ನು ದೋಟಿಕೋಲಿಲ್ಲದೆ ಬರಿಗೈಯಲ್ಲಿ ಎಳೆದು ಹಿಡಿದಿದ್ದ. ಬೈಕು ನಿಲ್ಲಿಸಿ ಎತ್ತರ ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ಈಗ ಇಪ್ಪತ್ತೆರಡು, ಆರು ಅಡಿ ಐದು ಇಂಚು. ಚೆಂಡು ಹಿಡಿಯುವುದರಿಂದ ಹಿಡಿದು ಶೂ ಲೇಸು ಕಟ್ಟುವವರೆಗೆ ನಾನೇ ಕಲಿಸಿದ್ದು.

ಫೋನಿಟ್ಟವನೇ ಬೈಕು ಹತ್ತಿದೆ. ಮಕ್ತಲ ಮುಟ್ಟುವಾಗ ಹನ್ನೆರಡೂವರೆ. ದಾರಿಯುದ್ದಕ್ಕೂ ನನ್ನೊಳಗೆ ಎರಡು ದನಿ. ಒಂದು, ಹೇಗಾದರೂ ಅವನನ್ನು ಬಿಡಿಸಿ ಗದ್ವಾಲ ಮುಟ್ಟಿಸು ಎನ್ನುತ್ತಿತ್ತು. ಇನ್ನೊಂದು, ಅವನು ಒಲ್ಲೆ ಎಂದರೆ ನಿನ್ನ ತಪ್ಪೇನು ಎನ್ನುತ್ತಿತ್ತು. ಎರಡನೆಯದೇ ಹೆಚ್ಚು ಹಿತವಾಗಿ ಕೇಳುತ್ತಿತ್ತು.

ಬೀರೇಶನ ತಂದೆ ಮಾಳಿಂಗಪ್ಪ ಆ ಗುಡಿಯ ಪೂಜಾರಿ. ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು. ಬೀರೇಶ ಪಕ್ಕದಲ್ಲಿದ್ದ, ನನ್ನನ್ನು ಕಂಡು ಎದ್ದು ಬಂದು ಬೈಕನ್ನು ನೆರಳಿಗೆ ತಳ್ಳಿದ. ನಾನು ಕುಳಿತುಕೊಳ್ಳದೆ ಸಂಗತಿ ಹೇಳಿದೆ. ನನ್ನ ಹೆಸರೂ ಆ ಜಾಗದ ಸರದಿಯಲ್ಲಿದೆ ಎಂಬುದೊಂದನ್ನು ಬಿಟ್ಟು.

"ಕಾಕಾ, ಕೊಟ್ಟ ಮಾತು ಬಿಡಿಸಾಕ ಬರತೈತೇನು?"

"ಬರತೈತಿ," ಎಂದರು ಮಾಳಿಂಗಪ್ಪ. "ಇಬ್ರೂ ಮತ್ತ ಹಂಗ ಕೈ ಇಡಬೇಕು. ಮಾತು ಯಾಕ ತಗೊಂಡೆ ಅನ್ನೋದನ್ನ ತಗೊಂಡವ ದೇವರ ಮುಂದ ಹೇಳಬೇಕು. ಖರೇ ಹೇಳಿದ್ರ ಕೊಟ್ಟವನಿಗೆ ಬಿಡುಗಡೆ."

"ಖರೇ ಹೇಳದಿದ್ರ?"

"ಮಾತು ಹಂಗ ಉಳೀತೈತಿ. ಮತ್ತೇನಾಗತೈತಿ." ಎಂದವರು ನೂಲಿನಿಂದ ಕಣ್ಣೆತ್ತಲಿಲ್ಲ.

ಅವರು ಸ್ನಾನ ಮಾಡಿ, ಮಡಿಯುಟ್ಟು, ಗುಡಿಯ ಬಾಗಿಲು ತೆರೆಯುವಾಗ ಒಂದು ಮುಕ್ಕಾಲು. ನನ್ನ ಅಂಗೈಗೆ ಭಂಡಾರ ಸುರಿದರು. ಅದರ ಮೇಲೆ ಬೀರೇಶನ ಕೈ ಬಂತು, ನನ್ನ ಕೈ ಪೂರ್ತಿ ಮುಚ್ಚಿಹೋಗುವಷ್ಟು ದೊಡ್ಡ ಕೈ. ನಾನು ದೇವರನ್ನು ನೋಡಿದೆ, ಮಾಳಿಂಗಪ್ಪನನ್ನು ನೋಡಿದೆ, ಬೀರೇಶನನ್ನು ಮಾತ್ರ ನೋಡಲಾಗಲಿಲ್ಲ.

"ತಂಡ ಉಳೀಲಿ ಅಂತ ತಗೊಂಡೆ," ಎಂದೆ. "ನಮ್ಮ ಕುರಿ ಕಾಯೋರ ಮಕ್ಕಳು ಇನ್ನೊಂದು ನಾಲ್ಕು ಜನ ಮ್ಯಾಲೆ ಬರಲಿ ಅಂತ ತಗೊಂಡೆ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಭಾಷಣ ಮಾಡಿ ಮಾಡಿ ರೂಢಿಯಾಗಿತ್ತು. ಬೀರೇಶನ ಕಣ್ಣಲ್ಲಿ ನೀರು ತುಂಬಿತು. ಕೈ ತೆಗೆಯುವ ಬದಲು ಇನ್ನಷ್ಟು ಒತ್ತಿದ.

"ಹಂಗಾದ್ರ ನಾ ಯಾಕ ಬಿಡಿಸ್ಕೊಳ್ಳಲಿ ಅಣ್ಣಾ? ಇಂಥ ಮಾತು ಬಿಡಿಸ್ಕೊಂಡು ಗದ್ವಾಲಕ್ಕ ಹೋದ್ರ ಮಂದಿ ನನ್ನ ಮುಖದ ಮ್ಯಾಲೆ ಉಗುಳಂಗಿಲ್ಲೇನು? ಜಯಸಿಂಹ ಸರ್ ಬಿಟ್ರ ಬಿಡಲಿ. ಕೋಸಗಿ ಪ್ಯಾಟ್ಯಾಗ ವ್ಯಾಪಾರದವರು ಅದಾರ, ಕೇಳೋಣು. ಯಾರರೆ ತಂಡ ತಗೋತಾರ."

ಮಾಳಿಂಗಪ್ಪ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಊಟಕ್ಕೆ ಕರೆದರು.

ಜೋಳದ ರೊಟ್ಟಿ, ಪುಂಡಿಪಲ್ಯ. ನಾಚಿಕೆಯಿಲ್ಲದವನ ಹಾಗೆ ಮೂರು ರೊಟ್ಟಿ ತಿಂದೆ. ತಿನ್ನುತ್ತ ಲೆಕ್ಕ ಹಾಕಿದೆ. ಇಲ್ಲಿಂದ ಗದ್ವಾಲಕ್ಕೆ ಬೈಕಿನಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ಮೂರೂವರೆಗೆ ಎದ್ದು, ಕೆಲಸವಿದೆ ಎಂದು ಹೇಳಿ ಒಬ್ಬನೇ ಹೊರಟರೆ ಐದರೊಳಗೆ ಮುಟ್ಟಬಹುದು. ಪ್ರಯತ್ನಪಟ್ಟೆ, ಅವನೇ ಒಲ್ಲೆಂದ ಎಂದು ಊರೆಲ್ಲ ಹೇಳಬಹುದು. ಎಲ್ಲರೂ ನಂಬುತ್ತಾರೆ. ಇನ್ನೊಂದು ವರ್ಷ, ಬಹುಶಃ ಎರಡು ವರ್ಷ, ಬೆನ್ನ ಮೇಲೆ ನಂಬರಿರುವ ಅಂಗಿ ತೊಟ್ಟು ಅಂಗಳಕ್ಕೆ ಇಳಿಯಬಹುದು. ಅದಿಲ್ಲದೆ ನಾನು ಯಾರು? ಹೆಂಡತಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಬೀರೇಶ ಒಳಗಿನಿಂದ ಬಟ್ಟೆಯ ಗಂಟು ತಂದ. ಉಪ್ಪು ಹುರಿದು ಕಟ್ಟಿದ್ದ. ನನ್ನೆದುರು ನೆಲಕ್ಕೆ ಕೂತು ನನ್ನ ಪ್ಯಾಂಟು ಮೇಲೇರಿಸಿ ಬಲ ಮಂಡಿಗೆ ಶಾಖ ಕೊಡತೊಡಗಿದ.

"ಇರಲಿ ಬಿಡೋ," ಎಂದೆ.

"ಊದೇತಿ. ಬೈಕ್ ಹೊಡದೀಯಲ್ಲ." ಗಂಟನ್ನು ತಿರುಗಿಸಿ ಇಟ್ಟ. "ಹಿಂಗ ಮಾಡೋಣು. ಒಂದು ವರ್ಷ ತಂಡ ಇಲ್ಲದಿದ್ರ ಏನಾತು. ವಡ್ಡೆಪಲ್ಲಿ ಕಡೆ ನಮ್ಮೋರ ಕುರಿ ಹೊಂಟಾವ, ನಾನೂ ಹೋಗತೀನಿ. ನಿನ್ನ ಮಂಡಿಗೂ ಆರಾಮ ಸಿಗತೈತಿ. ಮುಂದಿನ ವರ್ಷ ಇಬ್ರೂ ಕೂಡಿ ಹೊಸಾದು ಕಟ್ಟೋಣು. ನೀ ಇದ್ರ ನನಗೇನು ಚಿಂತಿ."

ಗೋಡೆಯ ಗಡಿಯಾರದಲ್ಲಿ ಮೂರೂ ಕಾಲು. ಶಾಖದ ಬಿಸಿ ಮೂಳೆಗೆ ಇಳಿಯುತ್ತಿತ್ತು, ಹಾಯೆನಿಸುತ್ತಿತ್ತು. ಹಾಯೆನಿಸಿದ್ದನ್ನೇ ನನಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡಕ್ಕೆ ಒಂದು ವರ್ಷ ಹೋದರೆ ಈ ಆಟದಲ್ಲಿ ಏನು ಹೋಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಗಂಟನ್ನು ಕಿತ್ತು ಅತ್ತ ಇಟ್ಟೆ.

"ಏಳು. ನಿಮ್ಮಪ್ಪನ್ನ ಕರಿ. ಮತ್ತೊಮ್ಮೆ ಕೈ ಇಡಬೇಕು."

"ಯಾಕಣ್ಣ?"

"ಕರಿಯೋ ಮಾರಾಯಾ, ಹೊತ್ತಾಗತೈತಿ."

ಮಾಳಿಂಗಪ್ಪ ಕೇಳದೆ ಬಂದರು, ಕೇಳದೆ ಭಂಡಾರ ಸುರಿದರು. ಕಾಯುತ್ತಿದ್ದರು ಅನಿಸುತ್ತದೆ. ಈ ಸಲ ನಾನು ಬೀರೇಶನ ಮುಖವನ್ನೇ ನೋಡಿದೆ.

"ಹೋದ ವರ್ಷ ನಿನ್ನ ಮಾತು ತಗೊಳ್ಳೋಕಿಂತ ಎರಡು ದಿನ ಮೊದಲು ನಾನೇ ಶಿವಕಾಂತಗ ಫೋನ್ ಮಾಡಿದ್ದೆ. ನನ್ನ ತಗೋರಿ ಅಂದೆ. ಬೀರೇಶ ಬ್ಯಾಡ, ಇನ್ನಾ ಹಸಿ ಅದಾನ, ಒತ್ತಡ ತಾಳಂಗಿಲ್ಲ ಅಂದೆ. ಅವ ನಕ್ಕ. ನಿಮ್ಮದು ಮುಗೀತ್ರಿ, ನಮಗ ಹುಡುಗ ಬೇಕು ಅಂದ. ಅವತ್ತ ಹೊಟ್ಯಾಗ ಬೆಂಕಿ ಬಿತ್ತು. ನಾ ಹೋಗಲಾರದ ಕಡೆ ನೀ ಹೋಗಬಾರದು ಅನಸ್ತು. ಅದಕ್ಕ ಇಲ್ಲಿ ಕರಕೊಂಡು ಬಂದು ಕೈ ಇಡಿಸಿದೆ. ತಂಡ, ನಮ್ಮೋರು, ಮಕ್ಕಳು, ಎಲ್ಲಾ ಸುಳ್ಳು."

ಅವನ ಕೈ ಇನ್ನೂ ನನ್ನ ಕೈಯ ಮೇಲೇ ಇತ್ತು. ಭಾರ ಕಡಿಮೆಯಾಗಿತ್ತು, ಅಷ್ಟೇ.

"ಇನ್ನೊಂದೈತಿ. ಇವತ್ತ ನೀ ಹೋಗದಿದ್ರ ಆ ಜಾಗ ನನಗ ಕೊಡತಾರ. ಮಧ್ಯಾಹ್ನ ಸುಳ್ಳು ಹೇಳಿದ್ದು ಅದಕ್ಕ. ನೀ ಉಪ್ಪಿನ ಶಾಖ ಕೊಡೋ ಹೊತ್ತಿಗೂ ನಾ ಗಡಿಯಾರ ನೋಡಕೋತ ಕುಂತಿದ್ದೆ."

ಹೇಳಿ ಮುಗಿಸಿದೆ. ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೇನೂ ಆಗಲಿಲ್ಲ. ಮಾಳಿಂಗಪ್ಪ ಹೆಗಲ ಮೇಲಿನ ಕಂಬಳಿಯ ಅಂಚಿನಿಂದ ಮಗನ ಅಂಗೈ ಒರೆಸಿದರು. ನನ್ನ ಕೈ ಒರೆಸಲಿಲ್ಲ.

"ಬಿಡುಗಡೆ ಆತು," ಎಂದರು. "ಹೊಂಡ್ರಿ. ಬಸ್ಸಿಗೆ ಹೋದ್ರ ಮುಟ್ಟಂಗಿಲ್ಲ."

ಬೀರೇಶ ಮನೆಯೊಳಗೆ ಹೋಗಿ ಶೂ ಮತ್ತು ಆಧಾರ್ ಕಾರ್ಡು ತಂದ. ನನ್ನ ಬೈಕಲ್ಲದೆ ಬೇರೆ ಗಾಡಿಯಿರಲಿಲ್ಲ, ಅದಕ್ಕೆ ನನ್ನ ಹಿಂದೆ ಕೂತ. ಸೀಟಿನ ಹಿಂದಿನ ಕಬ್ಬಿಣ ಹಿಡಿದುಕೊಂಡಿದ್ದ. ಹೊರಡುವಾಗ ಮೂರು ನಲವತ್ತು.

ಅಂಥ ಓಟ ನಾನು ಅಂಗಳದಲ್ಲಿ ಯಾವತ್ತೂ ಓಡಿರಲಿಲ್ಲ. ಗುಂಡಿ ನೋಡಲಿಲ್ಲ, ಉಬ್ಬು ನೋಡಲಿಲ್ಲ. ಎರಡು ಸಲ ಮಾತಾಡಿಸಿದೆ, ನೀರು ಬೇಕೇನೋ ಎಂದು ಒಮ್ಮೆ, ಗಟ್ಟಿ ಹಿಡಕೋ ಎಂದು ಒಮ್ಮೆ. ಅವನು ಮುಖವನ್ನು ಹೊಲದ ಕಡೆ ತಿರುಗಿಸಿದ್ದು ಬೈಕಿನ ಕನ್ನಡಿಯಲ್ಲಿ ಕಂಡಿತು. ಜುರಾಲ ಅಣೆಕಟ್ಟಿನ ಹತ್ತಿರ ಭಾನುವಾರದ ಜನ. ಮೀನು ಕರಿಯುವ ಅಂಗಡಿಗಳ ಮುಂದೆ ಕಾರುಗಳು ಅಡ್ಡಡ್ಡ ನಿಂತು ದಾರಿಯೇ ಇರಲಿಲ್ಲ. ಬೈಕಿಳಿದು ಒಬ್ಬೊಬ್ಬರ ಕಿಟಕಿ ಬಡಿದೆ. ತೆಲುಗಿನಲ್ಲಿ ಬೇಡಿದೆ, ಉರ್ದುವಿನಲ್ಲಿ ಬೇಡಿದೆ, ಒಬ್ಬನಿಗೆ ಕೈ ಮುಗಿದೆ, ಇನ್ನೊಬ್ಬನಿಗೆ ಬಾಯಿಗೆ ಬಂದದ್ದು ಬೈದೆ. ಆಸ್ಪತ್ರೆಯೇನಪ್ಪಾ ಎಂದು ಮೀನು ತಿನ್ನುತ್ತಿದ್ದ ಮುದುಕನೊಬ್ಬ ಕೇಳಿದ. ಹೌದು ಎಂದೆ. ಹತ್ತು ನಿಮಿಷ ಅಲ್ಲಿ ಹೋಯಿತು. ಆ ಹತ್ತು ನಿಮಿಷದಲ್ಲಿ ನನ್ನ ಜಾಗದ ನೆನಪು ನನಗೆ ಒಮ್ಮೆಯೂ ಬರಲಿಲ್ಲ, ಇದನ್ನು ಮಾತ್ರ ದೇವರಾಣೆಗೂ ಹೇಳಬಲ್ಲೆ. ಕೇಳುವವರು ಯಾರಿದ್ದರು?

ಫೋರ್ಟ್ಸ್ ಕಚೇರಿಯ ಮೆಟ್ಟಿಲು ಹತ್ತುವಾಗ ನಾಲ್ಕು ಐವತ್ತು. ಮಂಡಿ ಮಡಚಲು ಬರದೆ ಕಂಬಿ ಹಿಡಿದು ಒಂದೊಂದೇ ಕಾಲು ಎತ್ತಿಟ್ಟೆ. ನಾನು ಮೇಲೆ ಮುಟ್ಟುವಷ್ಟರಲ್ಲಿ ಬೀರೇಶ ಕ್ಯಾಮೆರಾದ ಮುಂದೆ ನಿಂತಿದ್ದ. ಕಚೇರಿಯ ಹುಡುಗಿ ಪ್ರಶಾಂತಿ ಅವನ ಮುಖಕ್ಕೆ ಯಂತ್ರ ಹಿಡಿದಳು, ಎತ್ತರ ಸಾಲದೆ ಕುರ್ಚಿ ಹತ್ತಿದಳು. ಪರದೆಯ ಮೇಲೆ ಹಸಿರು ಗುರುತು ಮೂಡಿತು. ನಾಲ್ಕು ಐವತ್ತಾರು. ಶಿವಕಾಂತ ಬಂದು ಬೀರೇಶನ ಬೆನ್ನು ಚಪ್ಪರಿಸಿದ, ನನ್ನನ್ನು ನೋಡಿ ಪಾಪ ಎಂಬಂತೆ ತಲೆಯಾಡಿಸಿ ಒಳಗೆ ಹೋದ.

ಪ್ರಶಾಂತಿ ಕಾಗದದ ಫಾರಂ ತೆಗೆದಳು. "ಒಂದು ಸಾಕ್ಷಿ ಸಹಿ ಬೇಕ್ರಿ," ಎಂದು ಬೀರೇಶನಿಗೆ ಹೇಳಿ ನನ್ನ ಕಡೆ ಪೆನ್ನು ತೋರಿಸಿದಳು. "ಇವರು ನಿಮಗ ಏನಾಗಬೇಕು?"

ಮೂರು ವರ್ಷದ ಹಿಂದೆ ಪೇಟದ ಫಾರಂ ತುಂಬುವಾಗಲೂ ಇದೇ ಖಾನೆಯಿತ್ತು. ಅವತ್ತು ಗುಮಾಸ್ತ ಬಾಯಿ ತೆರೆಯುವ ಮೊದಲೇ ಇವನು ಅಣ್ಣ ಎಂದು ಬರೆಸಿದ್ದ, ಸ್ವಂತ ಅಣ್ಣನೇನು ಎಂದು ಕೇಳಿದ್ದಕ್ಕೆ ಹೌದು ಎಂದಿದ್ದ.

ಬೀರೇಶ ಶೂ ಲೇಸು ಕಟ್ಟುತ್ತಿದ್ದ. ತಲೆಯೆತ್ತದೆ ಹೇಳಿದ.

"ಏನೂ ಆಗಂಗಿಲ್ರಿ. ಮಕ್ತಲದಿಂದ ಬೈಕಿನ ಮ್ಯಾಲೆ ಬಿಡಾಕ ಬಂದಾರ."

ಪ್ರಶಾಂತಿ 'ಪರಿಚಯದವರು' ಎಂದು ಬರೆದು ಫಾರಂ ನನ್ನತ್ತ ತಿರುಗಿಸಿದಳು. ನಾನು ಸಹಿ ಹಾಕಿದೆ.